ಅರಗಿನ ತಟ್ಟೆ: ಯುದ್ಧಕಾಲದ ಗ್ರಾಮಫೋನ್ ಮುದ್ರಿಕೆಗಳ ದ್ರವ್ಯವೂ ನಿರ್ಮಾಣಕ್ರಮವೂ

ಶಾಸನವನ್ನು ಓದತಕ್ಕವನು ಅದರ ಅಕ್ಷರವನ್ನು ಮಾತ್ರವೇ ಅಲ್ಲದೆ ಅದನ್ನು ಕೆತ್ತಿದ ಕಲ್ಲನ್ನೂ ಪರೀಕ್ಷಿಸುತ್ತಾನೆ. ಓಲೆಗ್ರಂಥವನ್ನು ಸಂಪಾದಿಸುವವನಿಗೆ ಓಲೆಯ ಜಾತಿ, ಹದ, ಹುಳು ತಿಂದ ರಂಧ್ರ ಇವೆಲ್ಲವೂ ಪ್ರಮಾಣಗಳೇ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ನಮ್ಮ ಗಾಯಕರ, ನಟರ, ಹರಿದಾಸರ ಕಂಠಗಳು ನಮಗೆ ಉಳಿದು ಬಂದಿರುವುದು ಗ್ರಾಮಫೋನ್ ತಟ್ಟೆಗಳಲ್ಲಿ. ಆದರೆ ಈ ತಟ್ಟೆ ಯಾವ ಪದಾರ್ಥದಿಂದ ಆದುದು, ಅದನ್ನು ಹೇಗೆ ಅಚ್ಚುಹಾಕುತ್ತಿದ್ದರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದರ ಪಾಕ ಹೇಗೆ ಕೆಟ್ಟಿತು ಎಂಬ ವಿಷಯದಲ್ಲಿ ಕನ್ನಡದಲ್ಲಿ ವಿಚಾರ ನಡೆದದ್ದು ಕಡಿಮೆ. ಚಾಮರಾಜನಗರ, ಗುಂಡ್ಲುಪೇಟೆಗಳಂತಹ ಊರುಗಳ ಹಳೆಯ ಮನೆಗಳ ಅಟ್ಟಗಳಲ್ಲಿ ಇಂತಹ ತಟ್ಟೆಗಳು ಇನ್ನೂ ಉಳಿದಿರುವುದಾದರೆ, ಅವು ಉಳಿಯುವುದೂ ಅಳಿಯುವುದೂ ಈ ತಿಳಿವಳಿಕೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಆದಕಾರಣ ಈ ವಿಷಯವನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸಲಾಗಿದೆ.

೧. ಅರಗಿನ ಮೂಲ

ತಟ್ಟೆಯ ಜೀವದ್ರವ್ಯವು ಅರಗು. ಸಂಸ್ಕೃತದಲ್ಲಿ ಇದಕ್ಕೆ ಲಾಕ್ಷಾ ಎಂದು ಹೆಸರು. ವಾರಣಾವತದಲ್ಲಿ ಪಾಂಡವರನ್ನು ಸುಡುವುದಕ್ಕಾಗಿ ದುರ್ಯೋಧನನು ಕಟ್ಟಿಸಿದ ಅರಗಿನ ಮನೆಯ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಬಳೆಗಾರನ ಅರಗು, ಅಕ್ಕಸಾಲೆಯ ಅರಗು, ಅಂಚೆಯ ಲಕೋಟೆಗೆ ಮುದ್ರೆ ಒತ್ತುವ ಅರಗು, ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗು ಇವೆಲ್ಲವೂ ಒಂದೇ. ಇದು ಗಿಡದ ಅಂಟಲ್ಲ. ಒಂದು ಸೂಕ್ಷ್ಮ ಕೀಟದ ಸ್ರಾವ. ಕೆಂಪು ಬಣ್ಣದ ಮರಿಗಳು ಎಳೆಯ ಕೊಂಬೆಗಳ ಮೇಲೆ ಹರಿದು, ತೊಗಟೆಗೆ ಮೂತಿಯನ್ನು ಚುಚ್ಚಿ ರಸವನ್ನು ಹೀರುತ್ತ, ತಮ್ಮ ಮೈಯ ಸುತ್ತ ರಾಳವನ್ನು ಸುರಿಸಿಕೊಂಡು ಅದರೊಳಗೇ ಹುದುಗಿಹೋಗುತ್ತವೆ. ಲಕ್ಷಾಂತರ ಕೀಟಗಳು ದುಡಿದು ಮಡಿದರೆ ಒಂದು ಸೇರು ಅರಗು ದೊರೆಯುವುದು.

ಈ ಕೀಟಕ್ಕೆ ಎಲ್ಲ ಮರಗಳೂ ಒಗ್ಗುವುದಿಲ್ಲ. ಮುತ್ತುಗ, ಸಗಡೆ, ಎಲಚಿ, ಅರಳಿ ಇವು ಅದರ ಮೆಚ್ಚಿನ ಆಶ್ರಯಗಳು. ಇವುಗಳಲ್ಲಿ ಮುತ್ತುಗವು ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ದಾರಿಯಲ್ಲಿ ಬೇಸಗೆಯ ಆರಂಭಕ್ಕೆ ಕಾಡನ್ನೇ ಕೆಂಪೇರಿಸುವ ಮರವಾದುದರಿಂದ ನಮ್ಮವರಿಗೆ ಹೊಸತಲ್ಲ. ಮೈಸೂರು ಸೀಮೆಯಲ್ಲಿ ವಿಶೇಷವಾಗಿ ಜಾಲಾರಿ ಮರದ ಮೇಲೆ ಅರಗು ಬೆಳೆಯುತ್ತಿತ್ತು. ಇಲ್ಲಿಯ ಕೀಟದ ಪ್ರಭೇದವು ಉತ್ತರದ್ದಕ್ಕಿಂತ ಭಿನ್ನವೆಂದು ಕಂಡುಕೊಂಡು, ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿದ ಮಹದಿಹಸನ್ ಎಂಬ ವಿದ್ವಾಂಸರು ಅದಕ್ಕೆ ಮೈಸೂರಿನ ಹೆಸರನ್ನೇ ಇಟ್ಟರು. ಆದರೆ ಪ್ರಮಾಣದಲ್ಲಿ ಮುಂದಿದ್ದುದು ಛೋಟಾನಾಗಪುರದ ಕಾಡುಸೀಮೆ. ರಾಂಚಿಯ ಬಳಿಯ ನಾಮಕುಮ್‌ನಲ್ಲಿ ಅರಗಿನ ಸಂಶೋಧನಾಲಯವು ೧೯೨೪ರಲ್ಲಿ ಸ್ಥಾಪಿತವಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, ೧೯೩೭ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯು ಆರಂಭವಾಯಿತು. ೧೯೬೨ರಿಂದ ಈಚೆಗೆ ಭಾರತದ ಮತದಾರನ ಬೆರಳಿಗೆ ಹಚ್ಚುವ ಅಳಿಯದ ಮಸಿ ಇದೇ ಕಾರ್ಖಾನೆಯದು. ಅದರ ಹುಟ್ಟುಹೆಸರಿನಲ್ಲಿ ಅರಗು ಇದ್ದುದನ್ನು ಇಂದು ಬಹಳ ಮಂದಿ ಮರೆತಿದ್ದಾರೆ.

ಕೊಂಬೆಯಿಂದ ಕೆರೆದ ಅರಗನ್ನು ಕುಟ್ಟಿ, ನೀರಿನಲ್ಲಿ ತೊಳೆದು, ಬಣ್ಣವನ್ನು ಬಿಡಿಸಿದರೆ ಕಾಳರಗು ಆಗುತ್ತದೆ. ಅದನ್ನು ಉದ್ದನೆಯ ಬಟ್ಟೆಯ ಚೀಲದಲ್ಲಿ ತುಂಬಿ ಕೆಂಡದ ಒಲೆಯ ಮುಂದೆ ಹಿಂಡಿದರೆ ಕರಗಿದ ರಾಳವು ಜಿನುಗುತ್ತದೆ. ಆ ರಾಳವು ಬಿಸಿಯಾಗಿರುವಾಗಲೇ ಕೆಲಸಗಾರನು ಅದನ್ನು ಕೈಕಾಲು ಹಲ್ಲುಗಳಿಂದ ಹಿಡಿದು, ಕಾಗದದಷ್ಟು ತೆಳ್ಳಗಾಗುವಂತೆ ಎಳೆದು ಹರಡುತ್ತಾನೆ. ಆರಿದ ಹಾಳೆಯನ್ನು ಮುರಿದರೆ ದೊರೆಯುವ ಚಕ್ಕೆಗಳೇ ಶೆಲ್ಯಾಕ್ ಎಂದು ಲೋಕಪ್ರಸಿದ್ಧವಾದ ವಸ್ತು. ಮೊದಲು ಲೋಕವು ಅರಗನ್ನು ಬಯಸಿದ್ದು ಅದರ ಕೆಂಪು ಬಣ್ಣಕ್ಕಾಗಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೃತಕವಾದ ಬಣ್ಣಗಳು ಬಂದು ಆ ವ್ಯಾಪಾರ ಬಿದ್ದುಹೋಯಿತು. ಆ ಬಳಿಕ ರಾಳವೇ ಮುಖ್ಯವಾಗಿ, ಗ್ರಾಮಫೋನ್ ಅದರ ದೊಡ್ಡ ಗಿರಾಕಿಯಾಯಿತು.

೨. ತಟ್ಟೆ ಹುಟ್ಟಿದ ಬಗೆ

ಎಡಿಸನ್ ಮಹಾಶಯನು ೧೮೭೭ರಲ್ಲಿ ಧ್ವನಿಯನ್ನು ಹಿಡಿದದ್ದು ತವರದ ತಗಡು ಸುತ್ತಿದ ಉರುಳೆಯ ಮೇಲೆ. ಚಪ್ಪಟೆಯಾದ ತಟ್ಟೆಯನ್ನು ೧೮೮೭ರಲ್ಲಿ ಯೋಜಿಸಿದವನು ಜರ್ಮನಿಯಿಂದ ಅಮೆರಿಕಾಕ್ಕೆ ಹೋಗಿ ನೆಲೆಸಿದ್ದ ಎಮಿಲಿ ಬರ್ಲಿನರ್. ಉರುಳೆಗಿಂತ ತಟ್ಟೆ ಮೇಲಾದುದಕ್ಕೆ ಕಾರಣವು ಇಂಪಲ್ಲ. ಒಂದು ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ಒತ್ತಬಹುದೆಂಬ ಅನುಕೂಲ. ಬರ್ಲಿನರನು ಮೊದಲು ಗಟ್ಟಿ ರಬ್ಬರಿನಲ್ಲಿ ಒತ್ತಿ ನೋಡಿದನು. ಆ ರಬ್ಬರು ಗೆರೆಗಳನ್ನು ಚೆನ್ನಾಗಿ ಹಿಡಿಯಲಿಲ್ಲ. ಆಗ ನ್ಯೂಜೆರ್ಸಿ ಸೀಮೆಯ ನ್ಯೂಅರ್ಕ್ ಪಟ್ಟಣದಲ್ಲಿ ಅರಗಿನ ಮಿಶ್ರಣದಿಂದ ಗುಂಡಿಗಳನ್ನು ಮಾಡುತ್ತಿದ್ದ ಒಂದು ಕಾರ್ಖಾನೆಯು ಅವನ ಕಣ್ಣಿಗೆ ಬಿತ್ತು. ಅಂಗಿಯ ಗುಂಡಿಯ ಪಾಕವೇ ಸಂಗೀತದ ತಟ್ಟೆಯ ಪಾಕವಾಯಿತು. ೧೮೯೫ರ ಸುಮಾರಿಗೆ ಹಿಡಿದ ಈ ದಾರಿಯನ್ನು ಲೋಕವು ಅರ್ಧ ಶತಮಾನ ಬಿಡಲಿಲ್ಲ.

ಭಾರತದಲ್ಲಿ ವಾಣಿಜ್ಯಕ್ಕಾಗಿ ಧ್ವನಿಮುದ್ರಣ ನಡೆದದ್ದು ೧೯೦೨ರ ನವೆಂಬರಿನಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಗೆ ಬಂದು ಗೌಹರ್‌ಜಾನ್ ಮೊದಲಾದವರ ಹಾಡುಗಳನ್ನು ಮೇಣದ ಮೇಲೆ ಬರೆದುಕೊಂಡು ಹೋದನು. ಆದರೆ ತಟ್ಟೆಗಳನ್ನು ಒತ್ತಿದ್ದು ಜರ್ಮನಿಯ ಹ್ಯಾನೋವರಿನಲ್ಲಿ. ನಮ್ಮ ಕಾಡಿನ ಅರಗು ಹಡಗು ಹತ್ತಿ ಐರೋಪ್ಯ ದೇಶಕ್ಕೆ ಹೋಗುವುದು, ನಮ್ಮ ಗಾಯಕರ ಕಂಠವು ಮೇಣದ ಮೇಲೆ ಅದೇ ದಾರಿ ಹಿಡಿಯುವುದು, ಎರಡೂ ಅಲ್ಲಿ ಕೂಡಿ ಕಪ್ಪು ತಟ್ಟೆಯಾಗಿ ಮರಳಿ ಬಂದು ನಮಗೇ ಮಾರಾಟವಾಗುವುದು. ಇದು ಆ ವರ್ಷಗಳ ಕ್ರಮ. ೧೯೦೮ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಗ್ರಾಮಫೋನ್ ಕಂಪೆನಿಯವರು ಕಾರ್ಖಾನೆಯನ್ನು ತೆರೆದ ಮೇಲೆ ಈ ಸುತ್ತುದಾರಿ ಕಡಿಮೆಯಾಯಿತು. ಮುಂದೆ ಆ ಕೆಲಸವು ಡಂಡಮ್‌ನ ದೊಡ್ಡ ಕಾರ್ಖಾನೆಗೆ ಸಾಗಿತು.

ಗ್ರಾಮಫೋನ್ ಯಂತ್ರಕ್ಕೆ ವಿದ್ಯುಚ್ಛಕ್ತಿ ಬೇಕಿಲ್ಲ. ಕೀಲಿ ಕೊಟ್ಟರೆ ತಿರುಗುತ್ತದೆ. ಆದುದರಿಂದ ದೀಪದ ತಂತಿ ಮುಟ್ಟದ ಹಳ್ಳಿಗೂ ಅದು ಹೋಯಿತು. ಮೈಸೂರಿನಿಂದ ನಂಜನಗೂಡಿಗೆ ೧೮೯೧ರಲ್ಲಿ ಬಂದಿದ್ದ ರೈಲು ದಾರಿಯು ೧೯೨೬ರಲ್ಲಿ ಚಾಮರಾಜನಗರದವರೆಗೆ ಬೆಳೆಯಿತು. ಒಡೆಯುವ ಸರಕಿಗೆ ಎತ್ತಿನ ಗಾಡಿಯ ಕುಲುಕಾಟಕ್ಕಿಂತ ರೈಲು ಎಷ್ಟೋ ಮೇಲೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

೩. ಪಾಕವೂ ಅಚ್ಚೂ

ತಟ್ಟೆಯೆಂದರೆ ಅರಗು ಎಂಬುದು ರೂಢಿಯ ಮಾತು. ವಸ್ತುತಃ ತೂಕದಲ್ಲಿ ಅರಗಿನ ಪಾಲು ಐದರಲ್ಲಿ ಒಂದರ ಆಸುಪಾಸು. ಮಿಕ್ಕದ್ದರಲ್ಲಿ ಬಹುಭಾಗ ಕಲ್ಲಿನ ಪುಡಿ. ಸುಣ್ಣಕಲ್ಲು, ಬಳಪದ ಜಾತಿಯ ಸ್ಲೇಟುಕಲ್ಲು, ಬರೈಟಾ ಎಂಬ ಭಾರವಾದ ಖನಿಜ ಇವುಗಳನ್ನು ಹಿಟ್ಟಿನಂತೆ ಅರೆದು ಬೆರೆಸುತ್ತಿದ್ದರು. ಕಪ್ಪು ಬಣ್ಣಕ್ಕೆ ದೀಪದ ಮಸಿ. ಹದಕ್ಕೆ ಆಫ್ರಿಕಾದ ಕೋಪಲ್ ಮೊದಲಾದ ರಾಳಗಳು. ಬಿಗಿಗೆ ಹತ್ತಿಯ ನವುರಾದ ಎಳೆಗಳು. ಅರಗು ಇಲ್ಲಿ ಗೋಡೆಯ ಗಾರೆಯಂತೆ ಎಲ್ಲವನ್ನೂ ಹಿಡಿದಿಡುವ ಬಂಧನದ್ರವ್ಯ.

ಅರಗನ್ನೇ ಏಕೆ ಆರಿಸಿದರು ಎಂದರೆ, ಸುಮಾರು ಎಪ್ಪತ್ತೈದು ಡಿಗ್ರಿ ಸೆಂಟಿಗ್ರೇಡಿನ ಸುತ್ತಿನಲ್ಲಿ ಅದು ಮೆದುವಾಗುತ್ತದೆ. ಇನ್ನೂ ಕಾಯಿಸಿದರೆ ಹರಿದು ಕೂದಲೆಳೆಗಿಂತ ಸಣ್ಣ ಗೆರೆಯೊಳಗೂ ನುಗ್ಗುತ್ತದೆ. ಆರಿದೊಡನೆ ಗಟ್ಟಿಯಾಗಿ ಆ ರೂಪವನ್ನು ಬಿಡದೆ ಹಿಡಿಯುತ್ತದೆ. ಇಷ್ಟು ಗುಣಗಳು ಕೂಡಿದ ಬೇರೊಂದು ಸಹಜ ರಾಳವು ದೊರೆಯಲಿಲ್ಲ.

ಕಲ್ಲುಪುಡಿಗೆ ಇನ್ನೊಂದು ಉಪಯೋಗವೂ ಉಂಟು. ಉಕ್ಕಿನ ಮುಳ್ಳು ತಟ್ಟೆಯ ಮೇಲೆ ಇಳಿದಾಗ ಅದರ ಮೊನೆಯು ಗೆರೆಗೆ ಸರಿಯಾಗಿರುವುದಿಲ್ಲ. ಮೊದಲ ಕೆಲವು ಸುತ್ತುಗಳಲ್ಲಿ ಕಲ್ಲುಪುಡಿಯು ಸಾಣೆಯಂತೆ ಅದನ್ನು ತೇಯ್ದು ಗೆರೆಗೆ ಹೊಂದಿಸುತ್ತದೆ. ಪ್ರತಿಯೊಂದು ಮಗ್ಗುಲಿಗೂ ಹೊಸ ಮುಳ್ಳನ್ನು ಹಾಕಬೇಕೆಂಬ ನಿಯಮಕ್ಕೆ ಕಾರಣವಿದೇ. ತಟ್ಟೆಯು ಮುಳ್ಳನ್ನು ತೇಯುತ್ತದೆ. ತೇದ ಮುಳ್ಳನ್ನೇ ಮತ್ತೆ ಹಾಕಿದರೆ ಮುಳ್ಳು ತಟ್ಟೆಯನ್ನು ಕೊರೆಯುತ್ತದೆ. ಹಾಡಿನ ಹಿಂದೆ ಕೇಳುವ ಎಣ್ಣೆಯಲ್ಲಿ ಕರಿದಂತಹ ಸರಸರ ಸದ್ದು ಈ ಪುಡಿಯದೇ ಹೊರತು ಹಾಡಿದವರದಲ್ಲ, ಧ್ವನಿಮುದ್ರಣ ಮಾಡಿದವರದೂ ಅಲ್ಲ.

ನಿರ್ಮಾಣದ ಕ್ರಮ ಹೀಗಿತ್ತು. ಗಾಯಕನ ಧ್ವನಿಯನ್ನು ದಪ್ಪನೆಯ ಮೇಣದ ಬಿಲ್ಲೆಯ ಮೇಲೆ ಕೊರೆಯುತ್ತಿದ್ದರು. ೧೯೨೫ರವರೆಗೆ ಕಹಳೆಯ ಮೂಲಕ, ಅಲ್ಲಿಂದ ಮುಂದೆ ಮೈಕ್ರೊಫೋನಿನ ಮೂಲಕ. ಮೇಣವು ವಿದ್ಯುತ್ತನ್ನು ಹರಿಯಗೊಡದು. ಅದಕ್ಕಾಗಿ ಅದರ ಮೇಲೆ ಸೀಸದ ಕಡ್ಡಿಯಲ್ಲಿರುವ ಗ್ರ್ಯಾಫೈಟ್ ಪುಡಿಯನ್ನು ಹಚ್ಚಿ, ಈಚೆಗೆ ಚಿನ್ನದ ಅತಿ ತೆಳುವಾದ ಲೇಪವನ್ನು ಕೊಟ್ಟು, ತಾಮ್ರದ ದ್ರಾವಣದಲ್ಲಿ ಇಳಿಬಿಡುತ್ತಿದ್ದರು. ವಿದ್ಯುತ್ತಿನಿಂದ ಕೂಡಿದ ತಾಮ್ರವು ಗಟ್ಟಿ ತಗಡಾಗಿ, ಬಿಡಿಸಿದಾಗ ಹಳ್ಳವಿದ್ದಲ್ಲಿ ದಿಣ್ಣೆಯುಳ್ಳ ಮೂಲ ಅಚ್ಚು ದೊರೆಯುತ್ತಿತ್ತು. ಮೂಲ ಅಚ್ಚಿನಿಂದ ತಾಯಚ್ಚು, ತಾಯಚ್ಚಿನಿಂದ ಒತ್ತಚ್ಚು. ಒತ್ತಚ್ಚು ಸವೆದರೆ ತಾಯಿಯಿಂದ ಮತ್ತೊಂದನ್ನು ಪಡೆಯಬಹುದು. ಮೂಲವು ಭದ್ರವಾಗಿ ಉಳಿಯುವುದು. ಈ ಮೂರು ತಲೆಮಾರಿನ ಯೋಜನೆಯೇ ಈ ಉದ್ಯಮದ ಬೆನ್ನೆಲುಬು.

ಇತ್ತ ಅರಗು, ಪುಡಿ, ಮಸಿಗಳನ್ನು ಬಿಸಿ ಉರುಳೆಗಳ ನಡುವೆ ನಾದಿ, ಹಾಳೆಯಾಗಿ ಎಳೆದು, ಬಿಲ್ಲೆಗಳಾಗಿ ಕತ್ತರಿಸುತ್ತಿದ್ದರು. ಒತ್ತುವವನು ಬಿಲ್ಲೆಯನ್ನು ಬಿಸಿ ಮಣೆಯ ಮೇಲೆ ಮೆದುಮಾಡಿ, ಹಿಟ್ಟಿನ ಉಂಡೆಯಂತೆ ಮಡಿಸಿ, ಮೇಲಿನ ಅಚ್ಚಿಗೊಂದು ಕೆಳಗಿನ ಅಚ್ಚಿಗೊಂದು ಕಾಗದದ ಚೀಟಿಯನ್ನು ಇಟ್ಟು, ನಡುವೆ ಉಂಡೆಯನ್ನು ಇರಿಸಿ ಯಂತ್ರವನ್ನು ಮುಚ್ಚುವನು. ಉಗಿಯಿಂದ ಕಾದ ಅಚ್ಚುಗಳು ನೂರು ಟನ್ನಿನ ಆಸುಪಾಸಿನ ಭಾರದಿಂದ ಅದನ್ನು ಅದುಮುವುವು. ಕೂಡಲೆ ಅದೇ ಅಚ್ಚಿನ ಒಳನಾಳಗಳಲ್ಲಿ ತಣ್ಣೀರು ಹರಿದು ತಟ್ಟೆಯು ಬಿಗಿಯುವುದು. ಚೀಟಿಗೆ ಗೋಂದಿಲ್ಲ, ಅರಗೇ ಅದನ್ನು ಹಿಡಿಯುತ್ತದೆ. ಅಂಚನ್ನು ಉಜ್ಜಿ ನಯಮಾಡಿದರೆ ತಟ್ಟೆ ಸಿದ್ಧ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷಕ್ಕೆ ಸ್ವಲ್ಪ ಮಿಕ್ಕು, ಹನ್ನೆರಡು ಅಂಗುಲದ್ದರಲ್ಲಿ ನಾಲ್ಕು ನಿಮಿಷಕ್ಕೆ ಮಿಕ್ಕು ಹಾಡು ಹಿಡಿಸುತ್ತಿತ್ತು. ಗಂಟೆಗಟ್ಟಲೆ ವಿಸ್ತರಿಸುವ ನಮ್ಮ ರಾಗಾಲಾಪನೆಯನ್ನು ಈ ಅಳತೆಗೆ ಒಗ್ಗಿಸಿದ್ದು ವಿದ್ವಾಂಸರ ರುಚಿಯಲ್ಲ. ಒಂದು ತಟ್ಟೆಯ ಅಗಲ.

೪. ಯುದ್ಧದ ಹೊಡೆತ

೧೯೧೪ರ ಯುದ್ಧದಲ್ಲಿಯೇ ಒಂದು ಪಾಠವಾಗಿತ್ತು. ಓಡಿಯನ್, ಬೇಕಾ ಮೊದಲಾದ ಜರ್ಮನ್ ಕಂಪೆನಿಗಳ ತಟ್ಟೆಗಳು ಭಾರತಕ್ಕೆ ಬರುವುದು ನಿಂತು, ಮಾರುಕಟ್ಟೆ ಬಹುಮಟ್ಟಿಗೆ ಒಂದೇ ಕೈಗೆ ಸೇರಿತು. ಆದರೆ ಆಗ ಕೊರತೆಯಾದದ್ದು ವ್ಯಾಪಾರಕ್ಕೆ, ದ್ರವ್ಯಕ್ಕಲ್ಲ. ಎರಡನೆಯ ಯುದ್ಧದಲ್ಲಿ ದ್ರವ್ಯಕ್ಕೇ ಸಂಚಕಾರ ಬಂತು.

ಅರಗು ಯುದ್ಧಸಾಮಗ್ರಿಯೂ ಹೌದು. ವಿದ್ಯುದ್ಯಂತ್ರಗಳ ತಂತಿಸುರುಳಿಗಳಿಗೆ ಹೊದಿಕೆ, ಮದ್ದುಗುಂಡುಗಳಿಗೆ ತೇವ ತಾಗದಂತೆ ಲೇಪ, ಸಾಣೆಚಕ್ರಗಳಿಗೆ ಬಂಧನ, ಹಡಗಿನ ಬಣ್ಣ ಈ ಎಲ್ಲದಕ್ಕೂ ಅದು ಬೇಕು. ೧೯೪೨ರ ಫೆಬ್ರವರಿ ೧೫ರಂದು ಸಿಂಗಾಪುರವೂ ಮಾರ್ಚಿಯಲ್ಲಿ ರಂಗೂನೂ ಜಪಾನೀಯರ ವಶವಾದುವು. ಬರ್ಮಾ ಸಯಾಮುಗಳ ಅರಗು ಮಿತ್ರರಾಷ್ಟ್ರಗಳಿಗೆ ತಪ್ಪಿತು. ಏಪ್ರಿಲ್ ಮೊದಲಲ್ಲಿ ಜಪಾನಿನ ನೌಕೆಗಳು ಬಂಗಾಳಕೊಲ್ಲಿಯನ್ನು ಹೊಕ್ಕು ಸರಕುಹಡಗುಗಳನ್ನು ಮುಳುಗಿಸಿದುವು. ಅದೇ ವಾರ ಕೊಲಂಬೋ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದಿತು. ಲೋಕದ ಅರಗೆಲ್ಲ ಹೊರಡುತ್ತಿದ್ದ ಬಂದರು ಕಲ್ಕತ್ತೆ; ಆ ಬಂದರಿನ ಬಾಗಿಲೇ ಅಪಾಯಕ್ಕೆ ಒಳಗಾಯಿತು.

ಅದೇ ೧೯೪೨ರ ಏಪ್ರಿಲಿನಲ್ಲಿ ಅಮೆರಿಕಾದ ಯುದ್ಧೋತ್ಪಾದನಾ ಮಂಡಲಿಯು ತಟ್ಟೆಗಳಿಗೆ ಕೊಡುವ ಅರಗನ್ನು ನೂರಕ್ಕೆ ಎಪ್ಪತ್ತರಷ್ಟು ಕಡಿತಮಾಡಿತು. ಕಾರ್ಖಾನೆಗಳು ಮೂರು ದಾರಿಗಳನ್ನು ಹಿಡಿದುವು. ಮೊದಲನೆಯದು, ಪಾಕದಲ್ಲಿ ಅರಗನ್ನು ಇಳಿಸಿ, ಕೋಪಲ್, ಪೈನ್ ಮರದ ರಾಳ ಮೊದಲಾದುವನ್ನೂ ಕಲ್ಲುಪುಡಿಯನ್ನೂ ಏರಿಸುವುದು. ಎರಡನೆಯದು, ಪದರದ ತಟ್ಟೆ. ಒಳಗೆ ಒರಟಾದ ಅಗ್ಗದ ಮಿಶ್ರಣ, ಹೊರಗೆ ಕಾಗದದ ಮೇಲೆ ಹರಡಿದ ನಯವಾದ ಅರಗಿನ ತೆಳುಪದರ. ಕೊಲಂಬಿಯಾ ಕಂಪೆನಿಯವರಿಗೆ ಈ ಕ್ರಮವು ಯುದ್ಧಕ್ಕೆ ಎಷ್ಟೋ ಮುಂಚೆಯೇ ಬಳಕೆಯಲ್ಲಿತ್ತು. ಮೂರನೆಯದು, ಹಳೆಯ ತಟ್ಟೆಗಳನ್ನು ಕೂಡಿಸಿ, ಒಡೆದು, ಕರಗಿಸಿ, ಮತ್ತೆ ಒತ್ತುವುದು.

ಚರಿತ್ರಕಾರನು ನಿಂತು ನೋಡಬೇಕಾದುದು ಈ ಮೂರನೆಯ ದಾರಿಯನ್ನು. ಹೊಸ ತಟ್ಟೆ ಬೇಕಾದವನು ಹಳೆಯದನ್ನು ತಂದೊಪ್ಪಿಸಬೇಕೆಂಬ ಕಟ್ಟಳೆ ಅಮೆರಿಕಾದ ಅಂಗಡಿಗಳಲ್ಲಿ ಹುಟ್ಟಿತು. ಬ್ರಿಟನ್ನಿನಲ್ಲಿಯೂ ಹಳೆಯ ತಟ್ಟೆಗಳನ್ನು ಮರಳಿಸಿರೆಂಬ ಕರೆ ಹೊರಟಿತು. ಸೈನಿಕರಿಗೆ ಹೊಸ ಹಾಡುಗಳನ್ನು ಕಳುಹಿಸುವುದಕ್ಕಾಗಿ ಮನೆಮನೆಯಿಂದ ಹಳೆಯ ತಟ್ಟೆಗಳನ್ನು ಕೂಡಿಸುವ ಸಂಘವೊಂದು ೧೯೪೨ರಲ್ಲಿ ಅಮೆರಿಕಾದಲ್ಲಿ ಏರ್ಪಟ್ಟಿತು. ಕಾಗದವು ಪಾಕವನ್ನು ಕೆಡಿಸುವುದರಿಂದ ನಡುವಿನ ಚೀಟಿಯ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಪುಡಿಮಾಡುತ್ತಿದ್ದರು. ಎಂದರೆ ಮೊದಲು ಹೋಗುತ್ತಿದ್ದುದು ಹಾಡಿದವರ ಹೆಸರು, ಆಮೇಲೆ ಹಾಡು. ಒಮ್ಮೆ ಬೆಂದ ಅರಗು ಮತ್ತೆ ಬೇಯುವಾಗ ತನ್ನ ಹರಿವನ್ನು ಕಳೆದುಕೊಳ್ಳುತ್ತದೆ; ಹಳೆಯ ಪುಡಿಯಲ್ಲಿ ಧೂಳು, ಮುಳ್ಳಿನ ಚೂರುಗಳೂ ಸೇರಿರುತ್ತವೆ. ಆದುದರಿಂದಲೇ ಯುದ್ಧಕಾಲದ ತಟ್ಟೆಗಳಲ್ಲಿ ಸದ್ದು ಹೆಚ್ಚು, ಸವೆತ ಬೇಗ, ಒಡಕು ಸುಲಭ.

ಆ ಕಾಲದ ಅಭಾವವನ್ನೆಲ್ಲ ಅರಗಿನ ತಲೆಗೇ ಕಟ್ಟುವುದೂ ಸಲ್ಲದು. ಅಮೆರಿಕಾದಲ್ಲಿ ೧೯೪೨ರ ಆಗಸ್ಟ್ ೧ರಿಂದ ವಾದಕರ ಸಂಘವು ಧ್ವನಿಮುದ್ರಣವನ್ನೇ ಬಹಿಷ್ಕರಿಸಿತು; ಅಲ್ಲಿಯ ಕೊರತೆಗೆ ಇದೂ ಒಂದು ಕಾರಣ. ನಮ್ಮ ದೇಶದಲ್ಲಿಯಾದರೋ ಅರಗು ಮನೆಯ ವಸ್ತು. ಡಂಡಮ್ ಕಾರ್ಖಾನೆ ಬೆಳೆಯ ಸೀಮೆಗೆ ಸಮೀಪ. ಆದರೆ ಕಾರ್ಖಾನೆಗೆ ಬೇಕಾದ ತಾಮ್ರ, ನಿಕ್ಕಲ್, ಉಕ್ಕಿನ ಮುಳ್ಳು, ಕಲ್ಲಿದ್ದಲು, ರೈಲಿನ ಬಂಡಿ ಎಲ್ಲವೂ ಯುದ್ಧದ ವಶ. ೧೯೪೨ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಮೇಲೆಯೇ ಬಾಂಬು ಬಿದ್ದಿತು; ಮರುವರ್ಷ ಬಂಗಾಳವನ್ನು ಘೋರವಾದ ಕ್ಷಾಮ ಕವಿಯಿತು. ಇಂತಹ ಸ್ಥಿತಿಯಲ್ಲಿ ದೊಡ್ಡ ಮಾರುಕಟ್ಟೆಯ ಭಾಷೆಗಳ ಮುಂದೆ ಕನ್ನಡದಂತಹ ಚಿಕ್ಕ ಮಾರುಕಟ್ಟೆಯ ಭಾಷೆಗೆ ಅನುಕೂಲ ಹೆಚ್ಚಿರಲಾರದೆಂದು ಊಹಿಸುವುದಕ್ಕೆ ವಿಶೇಷ ಪಾಂಡಿತ್ಯ ಬೇಡ.

೫. ಅರಗಿಗೆ ಬದಲು

ಕೊರತೆಯು ಹೊಸದನ್ನು ಹುಡುಕಿಸುತ್ತದೆ. ಅಮೆರಿಕಾದ ಸೈನ್ಯವು ೧೯೪೩ರಿಂದ ೧೯೪೯ರವರೆಗೆ ತನ್ನ ಸೈನಿಕರಿಗಾಗಿ ವಿ ತಟ್ಟೆಗಳೆಂಬ ಹನ್ನೆರಡು ಅಂಗುಲದ ಮುದ್ರಿಕೆಗಳನ್ನು ಹೊರಡಿಸಿತು. ಹಡಗಿನಲ್ಲಿಯೂ ವಿಮಾನದಲ್ಲಿಯೂ ಹೊತ್ತು ಎಸೆದರೂ ಒಡೆಯಬಾರದೆಂದು ಅವನ್ನು ವಿನೈಲ್ ಎಂಬ ಕೃತಕ ರಾಳದಲ್ಲಿ ಒತ್ತಿದರು. ಗೆರೆಗಳನ್ನು ಒತ್ತಾಗಿ ಕೊರೆದುದರಿಂದ ಒಂದು ಮಗ್ಗುಲಲ್ಲಿ ಆರು ನಿಮಿಷಕ್ಕೂ ಮಿಕ್ಕ ಸಂಗೀತ ಹಿಡಿಯಿತು. ರೇಡಿಯೋ ನಿಲಯಗಳವರು ತತ್ಕಾಲದ ಧ್ವನಿಮುದ್ರಣಕ್ಕೆ ಬಳಸುತ್ತಿದ್ದ ಅಲ್ಯುಮಿನಿಯಮ್ ತಟ್ಟೆಗಳು ವಿಮಾನಗಳ ಪಾಲಾಗಲು, ಗಾಜಿನ ಬಿಲ್ಲೆಯ ಮೇಲೆ ಲೇಪವನ್ನು ಹಚ್ಚಿ ಅದರ ಮೇಲೆ ಕೊರೆದರು. ಕೈಜಾರಿದರೆ ಚೂರಾಗುವ ಈ ಗಾಜಿನ ಮೇಲೆ ಯುದ್ಧದ ಎಷ್ಟೋ ಪ್ರಸಂಗಗಳ ಧ್ವನಿ ಉಳಿದುಬಂದಿದೆ.

ಕೊಲಂಬಿಯಾ ಕಂಪೆನಿಯು ೧೯೪೮ರ ಜೂನಿನಲ್ಲಿ ವಿನೈಲಿನ ದೀರ್ಘಮುದ್ರಿಕೆಯನ್ನು ಹೊರತಂದ ಮೇಲೆ ಪಾಶ್ಚಾತ್ಯ ದೇಶಗಳಲ್ಲಿ ಅರಗಿನ ಯುಗ ಮುಗಿಯುತ್ತ ಬಂದಿತು. ಭಾರತದಲ್ಲಿಯಾದರೋ ಕೀಲಿಯ ಯಂತ್ರಗಳು ಇನ್ನೂ ತಿರುಗುತ್ತಿದ್ದುದರಿಂದ ೧೯೬೦ರ ದಶಕದಲ್ಲಿಯೂ ಅರಗಿನ ತಟ್ಟೆಗಳು ಅಚ್ಚಾಗುತ್ತಿದ್ದುವು.

೬. ಮೈಸೂರಿನ ಎರಡು ಪ್ರಸಂಗಗಳು

ಈ ಕಥೆಯಲ್ಲಿ ಮೈಸೂರಿಗೆ ಸ್ಥಾನವುಂಟು. ೧೯೩೫ರಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿ ಎಂಬ ನಿಲಯವನ್ನು ಆರಂಭಿಸಿದರು. ತಟ್ಟೆಯು ಸವೆಯುವ ವಸ್ತು. ಆಕಾಶವಾಣಿಗೆ ಕಾಡಿನ ಅರಗೂ ಬೇಡ, ಒತ್ತುವ ಯಂತ್ರವೂ ಬೇಡ. ಯುದ್ಧಕಾಲದಲ್ಲಿ ತಟ್ಟೆಯು ಬಡವಾದಾಗ ಕನ್ನಡದ ಕಂಠಕ್ಕೆ ಈ ಇನ್ನೊಂದು ದಾರಿ ತೆರೆದಿತ್ತು. ಆದರೆ ಗಾಳಿಯಲ್ಲಿ ಹೋದದ್ದು ಗಾಳಿಗೇ ಸೇರಿತು. ತಟ್ಟೆಯಲ್ಲಿ ನಿಂತದ್ದು ಮಾತ್ರ ಇಂದಿಗೂ ಕೇಳಿಬರುತ್ತದೆ.

ಎರಡನೆಯ ಪ್ರಸಂಗ ಜಯಚಾಮರಾಜ ಒಡೆಯರವರದು. ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. ಆ ವಂಶದ ಕೊನೆಯ ಅರಸರು ಇವರು. ೧೯೪೦ರಲ್ಲಿ, ಯುದ್ಧದ ನಡುವೆ, ಪಟ್ಟಕ್ಕೆ ಬಂದರು. ಪಿಯಾನೋ ವಾದ್ಯದಲ್ಲಿ ಪರಿಶ್ರಮವುಳ್ಳ ಇವರು ಬಲು ದೊಡ್ಡ ತಟ್ಟೆಗಳ ಸಂಗ್ರಹವನ್ನು ಇಟ್ಟಿದ್ದರು. ಲಂಡನ್ನಿನಲ್ಲಿ ವೃದ್ಧಾಪ್ಯದಲ್ಲಿಯೂ ಅನಾರೋಗ್ಯದಲ್ಲಿಯೂ ಕಾಲ ಕಳೆಯುತ್ತಿದ್ದ ರಷ್ಯಾದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಬೇಕೆಂದು ಯುದ್ಧ ಮುಗಿದೊಡನೆ ದ್ರವ್ಯಸಹಾಯ ಮಾಡಿದರು. ಮೆಟ್ನರ್ ಸಂಘದ ಹೆಸರಿನಲ್ಲಿ ಅವು ಅರಗಿನ ತಟ್ಟೆಗಳ ಸಂಪುಟಗಳಾಗಿ ಹೊರಬಂದುವು. ಕೃತಜ್ಞನಾದ ಮೆಟ್ನರನು ತನ್ನ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಮೈಸೂರಿನ ಅರಸರಿಗೆ ಅರ್ಪಿಸಿದನು, ೧೯೫೧ರಲ್ಲಿ ತೀರಿಕೊಂಡನು. ಇನ್ನು ಕೆಲವು ವರ್ಷ ತಡವಾಗಿದ್ದರೆ ಆ ಬೆರಳುಗಳ ನುಡಿತ ಲೋಕಕ್ಕೆ ಉಳಿಯುತ್ತಿರಲಿಲ್ಲ. ಒಬ್ಬ ರಸಿಕನ ಸಕಾಲದ ಔದಾರ್ಯವು ಏನು ಮಾಡಬಲ್ಲುದೆಂಬುದಕ್ಕೆ ಇದು ನಿದರ್ಶನ.

೭. ಉಳಿದುದನ್ನು ಉಳಿಸುವ ಬಗೆ

ಅರಸರು ಮಾಡಿದಷ್ಟನ್ನು ನಾವು ಮಾಡಲಾರೆವು. ಆದರೆ ಇದ್ದುದನ್ನು ಕೆಡಿಸದೆ ಇರಬಲ್ಲೆವು. ಪಾಕವನ್ನು ತಿಳಿದವನಿಗೆ ರಕ್ಷಣೆಯ ಕ್ರಮವು ತಾನಾಗಿ ಹೊಳೆಯುತ್ತದೆ. ಅರಗು ಮದ್ಯಸಾರದಲ್ಲಿ ಕರಗುತ್ತದೆ. ಆದುದರಿಂದ ಸ್ಪಿರಿಟ್ಟು ತಾಗಿಸಿ ಒರಸಿದರೆ ಹಾಡೇ ಒರಸಿಹೋಗುವುದು. ಕ್ಷಾರಕ್ಕೂ ಅದು ಮಣಿಯುತ್ತದೆ. ಸೋಡ, ಕಾರವಾದ ಸಾಬೂನು ಕೂಡದು. ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ನಸುವಾಗಿ ತೇವಮಾಡಿದ ಮೆತ್ತನೆಯ ಬಟ್ಟೆಯಿಂದ, ಚೀಟಿಗೆ ನೀರು ತಾಗದಂತೆ, ಗೆರೆಯ ಸುತ್ತಿನಲ್ಲಿಯೇ ಒರಸಿ, ಕೂಡಲೆ ಆರಿಸಬೇಕು. ಅರಗು ಶಾಖಕ್ಕೆ ಮೆದುವಾಗುತ್ತದೆ. ಬೇಸಗೆಯಲ್ಲಿ ಹೆಂಚಿನ ಕೆಳಗಿನ ಅಟ್ಟವು ತಟ್ಟೆಯನ್ನು ಹಪ್ಪಳದಂತೆ ಡೊಂಕುಮಾಡುವುದು. ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ತಂಪಾದ ಒಣ ಸ್ಥಳದಲ್ಲಿ ಇಡಬೇಕು. ಈಚಿನ ದೀರ್ಘಮುದ್ರಿಕೆಯ ಮುಳ್ಳು ಇದರ ಅಗಲವಾದ ಗೆರೆಗೆ ತೀರ ಸಣ್ಣದಾದುದರಿಂದ, ತಕ್ಕ ಮುಳ್ಳಿಲ್ಲದೆ ನುಡಿಸಬಾರದು. ತಟ್ಟೆಯು ಒಡೆದಿದ್ದರೂ ಚೂರುಗಳನ್ನು ಎಸೆಯಬಾರದು. ಚೀಟಿಯ ಮೇಲಿನ ಹೆಸರು, ಚೀಟಿಯ ಹೊರಗೆ ಅರಗಿನಲ್ಲಿ ಒತ್ತಿದ ಅಚ್ಚಿನ ಸಂಖ್ಯೆ ಇವು ಕಾಲನಿರ್ಣಯಕ್ಕೆ ಶಾಸನದ ಅಂಕಿತದಷ್ಟೇ ಆಧಾರ.

ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಇಂತಹ ತಟ್ಟೆಗಳುಳ್ಳ ಮನೆಗಳವರು ಚೀಟಿಯಲ್ಲಿರುವುದನ್ನೂ ಸಂಖ್ಯೆಯನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟರೆ, ಅದೇ ಒಂದು ಸೂಚಿಯಾಗುವುದು. ಸೂಚಿಯಿದ್ದರೆ ಪ್ರತಿಮಾಡಿಸುವ ಕೆಲಸ ಮುಂದುವರಿಯುವುದು. ಯುದ್ಧದ ಕಾಲದಲ್ಲಿ ಲೋಕವು ಹೊಸ ಹಾಡಿಗಾಗಿ ಹಳೆಯ ಹಾಡನ್ನು ಕರಗಿಸಿತು. ಅದಕ್ಕೆ ನಿರ್ಬಂಧವೆಂಬ ನೆವವಿತ್ತು. ಇಂದು ಹಳೆಯ ಸಾಮಾನಿನವನಿಗೆ ತಟ್ಟೆಗಳನ್ನು ತೂಕಕ್ಕೆ ಹಾಕತಕ್ಕವರಿಗೆ ಆ ನೆವವೂ ಇಲ್ಲ.